ಐದನೇ ವರ್ಷದ ಅಣ್ಣ

ಮೊನ್ನೆ ಮಗಳ ಹಾಕಿ ಆಟಕ್ಕೆಂದು ಹೊಸ ಮೌತ್‌ಗಾರ್ಡ್ ತಂದಿದ್ದೆ. ಹಲ್ಲಿಗೆ ಪೆಟ್ಟಾಗದಂತೆ ಬಾಯೊಳಗೆ ಕಚ್ಚಿಕೊಳ್ಳುವ ಆ ಪ್ಲಾಸ್ಟಿಕ್ ಪಟ್ಟಿಯನ್ನು ಮೊದಲು ಬಿಸಿನೀರಿನಲ್ಲಿ ಮೆತ್ತಗೆ ಮಾಡಬೇಕು, ಆಮೇಲೆ ಕಚ್ಚಿ ಹಲ್ಲಿನ ಅಚ್ಚು ಮೂಡಿಸಬೇಕು. ಪೊಟ್ಟಣದ ಮೇಲಿನ ಸೂಚನೆಯನ್ನು ಮತ್ತೆ ಮತ್ತೆ ಓದಿದೆ. ನೀರು ಹೆಚ್ಚು ಕಾದರೆ ಪ್ಲಾಸ್ಟಿಕ್ ವಿಷ ಬಿಟ್ಟೀತೇ, ಕಡಿಮೆ ಕಾದರೆ ಹಲ್ಲು ಹೋದೀತೇ... "ಡ್ಯಾಡ್, ಇಟ್ಸ್ ಜಸ್ಟ್ ಎ ಮೌತ್‌ಗಾರ್ಡ್," ಎಂದಳು ಮಗಳು. "ಅದಕ್ಕೆ ಹಾಲಿನ ಪಾತ್ರೇನೇ ಬೇಕಿತ್ತಾ ನಿಮಗೆ?" ಎಂದಳು ಹೆಂಡತಿ. ಪಾತ್ರೆಯಿಂದ ಎದ್ದ ಆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ತಾಗಿದ್ದೇ ತಡ, ಅಣ್ಣನ ನೆನಪಾಯಿತು. ಸರಿಯಾಗಿ ಹೇಳಬೇಕೆಂದರೆ ಮೊದಲು ಬಂದದ್ದು ಹೊಟ್ಟೆಕಿಚ್ಚು; ಅದರ ಹಿಂದೆ, ಸ್ವಲ್ಪ ಕುಂಟುತ್ತಾ, ಅಣ್ಣ ಬಂದ.

ಒಡಹುಟ್ಟಿದ ಅಣ್ಣನಲ್ಲ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ಮೈಸೂರಿನಿಂದ ಸಿಡ್ನಿಗೆ ಓದಲು ಬಂದಾಗ, ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ತಿರ ರೆಂಟ್ ಹಂಚಿಕೊಂಡು ಒಂದೇ ಮನೆಯಲ್ಲಿದ್ದವನು. ಉಡುಪಿ ಕಡೆಯವನು, ಮನೆಮಾತು ತುಳು. ನನಗಿಂತ ಏಳೆಂಟು ವರ್ಷ ದೊಡ್ಡವನು. ಒಂದು ಪಿಎಚ್‌ಡಿಯನ್ನು ನಿಧಾನವಾಗಿ, ಅಮ್ಮನ ಮನೆಯ ಉಪ್ಪಿನಕಾಯಿಯಂತೆ, ಮುಗಿದುಹೋಗದ ಹಾಗೆ ಬಳಸುತ್ತಿದ್ದವನು. ಎದುರಿಗೆ ನಾನು ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಮನಸ್ಸಿನಲ್ಲಿ ಬಹುಬೇಗ ಏಕವಚನಕ್ಕೆ ಇಳಿದಿದ್ದೆ. ಇಲ್ಲಿಯೂ ಅದೇ ಇರಲಿ, ಇಷ್ಟು ವರ್ಷದ ಮೇಲೆ ಬದಲಾಯಿಸಲಾರೆ.

ನಮ್ಮ ಯೂನಿವರ್ಸಿಟಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಒಂದು ಬಡಪಾಯಿ ತಂಡವಿತ್ತು. ಕ್ರಿಕೆಟ್ಟಿಗೆ, ರಗ್ಬಿಗೆ ಹುಡುಗರು ಸಾಲುಗಟ್ಟುತ್ತಿದ್ದರು. ಇದಕ್ಕೆ ಮಾತ್ರ ತಲೆ ಹೆಲ್ಮೆಟ್ಟಿನೊಳಗೆ ಹಿಡಿಸಿದರೆ ಸಾಕಿತ್ತು. ಅಣ್ಣ ಅದರ ಕ್ವಾರ್ಟರ್‌ಬ್ಯಾಕ್. ಚೆಂಡು ಹಿಡಿದು ಹಿಂದೆ ಸರಿದು, ಮೈಮೇಲೆ ಬೀಳಲು ಬರುವ ದಢೂತಿ ಎದುರಾಳಿಗಳನ್ನು ಲೆಕ್ಕಿಸದೆ, ಓಡುತ್ತಿರುವ ತನ್ನ ಕಡೆಯವರಲ್ಲಿ ಯಾರಿಗೆ ಎಸೆಯಬೇಕೆಂದು ಕಣ್ಣುಮಿಟುಕಿಸುವುದರೊಳಗೆ ತೀರ್ಮಾನ ಮಾಡಬೇಕಾದವನು. ತಂಡದಲ್ಲಿ ಬೇರೆ ಯಾರಿಗೂ ಆ ಜಾಗ ಬೇಡವಾಗಿದ್ದರಿಂದ ಅದು ಅವನಿಗೆ ಸಿಕ್ಕಿತ್ತು. ನಾನು ಸೇರಿದ ಮೊದಲ ದಿನ ಚೆಂಡನ್ನು ಮೈದಾನದ ಆ ತುದಿಗೆ ಎಸೆದೆ. ಮೈಸೂರಿನಲ್ಲಿ ಬೌಂಡರಿ ಗೆರೆಯಿಂದ ವಿಕೆಟ್ಟಿಗೆ ಎಸೆದು ಬೆಳೆದ ಕೈ. ಕೋಚ್, ಸಿಡ್ನಿಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಉಳಿದ ಒಬ್ಬ ಮುದಿ ಅಮೆರಿಕನ್, ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸಿದ. ಅಣ್ಣ ಮಾತ್ರ ಓಡಿಬಂದು ನನ್ನ ಭುಜ ಹಿಡಿದ. "ಇದೆಂತ ಕೈಯಾ, ಕವಣೆಯಾ ಮಾರಾಯ?"

ಅಣ್ಣನ ಕೈಗೆ ಅಷ್ಟು ಬಲವಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅವನ ಸ್ವಭಾವದ್ದು: ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಎಸೆಯುತ್ತಿದ್ದ. ಕೇಳಿದವರಿಗೆ ಇಲ್ಲ ಎನ್ನಲು ಬಾರದು. ಕೂಗುವವನ ಕಡೆಗೆ ಎದುರಾಳಿಗಳೂ ಓಡುತ್ತಾರೆ ಎಂಬ ಸರಳ ಸತ್ಯ ಅವನ ತಲೆಗೆ ಇಳಿಯುತ್ತಿರಲಿಲ್ಲ. ಹಾಗಾಗಿ ಚೆಂಡು ಧಾರಾಳವಾಗಿ ಅವರ ಪಾಲಾಗುತ್ತಿತ್ತು. ತಂಡದ ಹುಡುಗರು ಹಿರಿಯರನ್ನೆಲ್ಲ ಹಾಗೆ ಕರೆಯುವ ನಮ್ಮವರ ರೂಢಿ ಕಲಿತು ಅವನನ್ನು "ಅಂಕಲ್" ಎನ್ನುತ್ತಿದ್ದರು. ನಾನು ಒಳಗೊಳಗೇ ದಾನಶೂರ ಎಂದು ಹೆಸರಿಟ್ಟಿದ್ದೆ. ನಾಲ್ಕು ವರ್ಷ ಅವನು ಹೀಗೇ ಆಡಿದ, ಸೋತ, ಕುಂಟಿದ, ಮತ್ತೆ ಮುಂದಿನ ವಾರ ಬಂದ. ಆ ಪೈಕಿ ಎರಡು ವರ್ಷ ನಾನು ಬೆಂಚಿನ ಮೇಲೆ ಕೂತು ನೋಡಿದೆ. ಕೋಚ್ ನನ್ನ ಕಿವಿಯಲ್ಲಿ ಹೇಳಿದ್ದ: ಇವನ ಓದು ಮುಗಿಯಲಿ, ಮುಂದಿನ ಸೀಸನ್ ನಿನ್ನದು, ಮೇಟ್.

ಆಮೇಲೆ ಅಣ್ಣನ ಥೀಸಿಸ್ ಬಗ್ಗೆ ಅವನ ಗೈಡಿಗೂ ಇಲ್ಲದ ಕಾಳಜಿ ನನಗೆ ಹುಟ್ಟಿತು. ಅವನಿಗೆ ಕಾಫಿ ಮಾಡಿಕೊಟ್ಟೆ. ಅಧ್ಯಾಯಗಳ ಕಾಗುಣಿತ ತಿದ್ದಿದೆ. ಪಾತ್ರೆ ತೊಳೆಯುವ ಸರದಿ ಅವನದ್ದಾದರೂ ನಾನೇ ತೊಳೆದು, "ನೀವು ಬರೀರಿ ಅಣ್ಣ, ನೀವು ಬರೀರಿ," ಎನ್ನುತ್ತಿದ್ದೆ. ಅವನಿಗೆ ಕಣ್ಣು ತುಂಬಿ ಬರುತ್ತಿತ್ತು. "ಸ್ವಂತ ತಮ್ಮ ಸಹ ಹೀಗೆ ಮಾಡ್ಲಿಕ್ಕಿಲ್ಲ," ಎಂದು ಊರಿಗೆ ಫೋನ್ ಮಾಡಿದಾಗ ಹೇಳಿದ್ದನ್ನು ಕೇಳಿಸಿಕೊಂಡೆ. ಅಷ್ಟೆಲ್ಲ ಮಾಡಿದ ಮೇಲೆ ಒಂದು ಸಂಜೆ ಬಂದು, ಶೂ ಬಿಚ್ಚುತ್ತಾ, ಬಸ್ ತಪ್ಪಿಹೋಯಿತು ಎನ್ನುವಷ್ಟು ಹಗುರಾಗಿ ಅಂದ: "ಮುಗೀಲಿಲ್ಲ ಮಾರಾಯ. ಇನ್ನೊಂದು ವರ್ಷ ಉಂಟು."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅವನ ದುಃಖಕ್ಕೆ ನಾನು ಸೊರಗಿದೆನೆಂದು ಅವನು ತಿಳಿದ. ನನ್ನನ್ನೇ ಸಮಾಧಾನ ಮಾಡಿದ.

ಆ ಐದನೆಯ ವರ್ಷ ಏನಾಯಿತೆಂದು ನಾನು ಇನ್ನೂ ಯೋಚಿಸುತ್ತಿರುತ್ತೇನೆ. ಕೋಚ್ ಅವನ ಕಾಲಿನ ಹೆಜ್ಜೆಗಳನ್ನು ಮೊದಲಿನಿಂದ ಕಲಿಸತೊಡಗಿದ್ದ. ಅಣ್ಣ ಮನೆಯಲ್ಲೂ ಅದನ್ನೇ ಅಭ್ಯಾಸ ಮಾಡುತ್ತಿದ್ದ. ದೋಸೆ ಹೊಯ್ದು, ಸೌಟು ಕಿವಿಯ ಹತ್ತಿರ ಎತ್ತಿ ಹಿಡಿದು, ಒಲೆಯಿಂದ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಫ್ರಿಜ್ಜಿಗೆ ಬೆನ್ನು ತಾಗಿಸುತ್ತಿದ್ದ. ಹಿಟ್ಟು ಗೋಡೆಗೆ ಸಿಡಿಯುತ್ತಿತ್ತು. ನಾನು ನಗುತ್ತಿದ್ದೆ, ಗೋಡೆ ಒರೆಸುತ್ತಿದ್ದೆ. ದಿನ ಕಳೆದಂತೆ ಸಿಡಿಯುವುದು ನಿಂತಿತು. ಆಗ ನಗುವುದನ್ನೂ ನಿಲ್ಲಿಸಿದೆ.

ಆಮೇಲೆ ಆ ಊಟ. ನಮ್ಮ ಕಡೆಯ ಮನೆಗಳವರೆಲ್ಲ ಸೇರಿ ಒಂದು ಹಾಲ್ ಬುಕ್ ಮಾಡಿ, ನೆಲದ ಮೇಲೆ ಸಾಲಾಗಿ ಕೂತು ಎಲೆಯಲ್ಲಿ ಉಣ್ಣುವ ಹಬ್ಬದೂಟ. ಅಣ್ಣನ ಕೈಗೆ ಸಾರಿನ ಬಕೆಟ್ ಬಂತು. ಮೈದಾನದಲ್ಲಿ ಹೇಗೋ ಪಂಕ್ತಿಯಲ್ಲೂ ಹಾಗೇ: ಆ ತುದಿಯಲ್ಲಿ ಯಾರೋ "ಸಾರು!" ಎಂದರೆ ಅತ್ತ ಓಡುವುದು, ಈ ತುದಿಯಲ್ಲಿ ಕೂಗಿದರೆ ಇತ್ತ ಓಡುವುದು. ನಡುವೆ ಕೂತ ಸಂಕೋಚದವರು ಬರೀ ಅನ್ನ ನೋಡುತ್ತಾ ಕೂತಿದ್ದರು. ಬಡಿಸುವವರ ಮೇಲ್ವಿಚಾರಣೆಗೆ ನಿಂತಿದ್ದ ಕುಂದಾಪುರದ ಕಡೆಯ ಅಂಕಲ್ ಒಬ್ಬರು ಎಲ್ಲರ ಎದುರಿಗೇ ಅವನ ತೋಳು ಹಿಡಿದು ನಿಲ್ಲಿಸಿದರು.

"ಕೂಗಿದಲ್ಲಿಗೆ ಓಡ್ಲಿಕ್ಕೆ ನೀನೆಂತ ಆಂಬ್ಯುಲೆನ್ಸಾ? ಮುಖ ನೋಡ್ಬೇಡ ಮಾರಾಯ, ಎಲೆ ನೋಡು. ಈ ಎಲೆಗೆ ಬಡಿಸುವಾಗ ಕಣ್ಣು ಮುಂದಿನ ಎಲೆ ಮೇಲಿರ್ಬೇಕು. ಎಲ್ಲಿ ಖಾಲಿ ಉಂಟು, ಅಲ್ಲಿಗೆ ಹೋಗು. ಕೂಗುವವ ಕೂಗ್ಲಿ."

ಜನ ನಕ್ಕರು. ಅಣ್ಣ ನಗಲಿಲ್ಲ. ಬಕೆಟ್ ಹಿಡಿದು ಒಂದು ಕ್ಷಣ ಹಾಗೇ ನಿಂತ... ಆಮೇಲೆ ಸಾಲಿನ ಮೊದಲಿನಿಂದ ಶುರುಮಾಡಿದ. ಎರಡನೆಯ ಪಂಕ್ತಿಗೆ ಬರುವಷ್ಟರಲ್ಲಿ ಯಾರೂ ಕೂಗುವ ಅಗತ್ಯವೇ ಬೀಳಲಿಲ್ಲ. ನಾನೂ ಅದೇ ಸಾಲಿನಲ್ಲಿ ಕೂತಿದ್ದೆನಲ್ಲ, ಆ ಮಾತು ನನ್ನ ಕಿವಿಗೂ ಬಿತ್ತಲ್ಲ. ನನಗೆ ಅದರಿಂದ ಸಿಕ್ಕಿದ್ದು ಎರಡನೇ ಸಲ ಪಾಯಸ.

ಒಂದು ಬಕೆಟ್ ಸಾರು ಅವನನ್ನು ಆಟಗಾರನನ್ನಾಗಿ ಮಾಡಿತು ಎಂದು ನಾನು ಹೇಳುವುದಿಲ್ಲ. ಹಾಗಿದ್ದರೆ ನನ್ನ ಹೊಟ್ಟೆಕಿಚ್ಚು ಸುಲಭವಾಗುತ್ತಿತ್ತು, ಅದೃಷ್ಟ ಎಂದು ಬಿಟ್ಟುಬಿಡಬಹುದಿತ್ತು. ಕೋಚ್ ನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಗೆರೆ ಎಳೆದು ಹೇಳುತ್ತಿದ್ದುದೂ ಅದೇ ಮಾತು. ಬಿದ್ದು ಎದ್ದ ನಾಲ್ಕು ವರ್ಷ ಅವನೊಳಗೆ ಎಲ್ಲೋ ಕೂತಿತ್ತು. ಆ ದಿನ ಅದಕ್ಕೊಂದು ದಾರಿ ಸಿಕ್ಕಿರಬೇಕು. ಮುಂದಿನ ಆಟದಲ್ಲಿ ನಮ್ಮ ಬಾಯಿಬಡುಕ ಓಟಗಾರನೊಬ್ಬ ಎಡಗಡೆಯಿಂದ ಗಂಟಲು ಹರಿದುಕೊಂಡು ಕೂಗಿದ. ಅಣ್ಣ ಅತ್ತ ತಿರುಗಲೇ ಇಲ್ಲ. ಸಾಲನ್ನು ಒಂದು ತುದಿಯಿಂದ ನೋಡುತ್ತಾ ಬಂದು, ಬಲಗಡೆಯ ಖಾಲಿ ಹುಲ್ಲಿನ ಮೇಲೆ, ಅಲ್ಲಿ ಯಾರೂ ಇಲ್ಲದಾಗಲೇ, ಮೆತ್ತಗೆ ಚೆಂಡು ಎಸೆದ. ನಾನು ಬೆಂಚಿನಿಂದ ಎದ್ದು "ಹೋಯ್ತು!" ಎಂದೆ, ಖುಷಿಯಿಂದಲೇ. ಅಷ್ಟರಲ್ಲಿ ನಮ್ಮ ತಂಡದ ಮಾತಿಲ್ಲದ ಹುಡುಗನೊಬ್ಬ ಆ ಹುಲ್ಲಿಗೆ ಬಂದು ಸೇರಿದ, ಚೆಂಡೂ ಸೇರಿತು. ಎತ್ತಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡೆ.

ಆ ಸಂಜೆ ರೈಲಿನಲ್ಲಿ ಕೇಳಿದೆ, "ಏನ್ ಬದಲಾಯ್ಸಿದ್ರಿ ಅಣ್ಣ?"

"ಎಂತ ಇಲ್ಲ. ಎಲೆ ನೋಡ್ತೇನೆ," ಎಂದು ಹೇಳಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ. ನನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡೆ.

ಆ ಸೀಸನ್ ಉದ್ದಕ್ಕೂ ಅವನು ಬೆಳೆಯುತ್ತಲೇ ಹೋದ. ಬೆಳೆಯುವ ವಯಸ್ಸೇ ಅಲ್ಲ ಅದು, ತಲೆಯಲ್ಲಿ ನರೆ ಶುರುವಾಗಿತ್ತು. ಕೈಯ ಬಲ ಹಿಂದಿನಷ್ಟೇ. ಆದರೆ ಅವನಿಗೆ ಆಟ ನಿಧಾನವಾಗಿ ಕಾಣುತ್ತಿತ್ತು, ನಮಗೆಲ್ಲ ವೇಗವಾಗಿ. ಪ್ರತಿಭೆಯಿದ್ದವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ದೇವರನ್ನಾದರೂ ಬೈಯಬಹುದು. ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಾ, ನನ್ನ ಕಣ್ಣೆದುರಿಗೇ, ನಾನು ತಿಂದ ದೋಸೆಯನ್ನೇ ತಿಂದು ಒಬ್ಬ ಸುಧಾರಿಸಿಬಿಟ್ಟರೆ ಯಾರನ್ನು ಬೈಯುವುದು?

ಆ ಸೀಸನ್ನಿನ ಕೊನೆಯ ಪಂದ್ಯ ಮೆಲ್ಬರ್ನ್‌ನಲ್ಲಿ, ಡ್ಯಾಂಡಿನಾಂಗ್ ಕಡೆಯ ಒಂದು ಬಯಲು ಮೈದಾನದಲ್ಲಿ. ಗೋದಾಮುಗಳ ನಡುವಿನಿಂದ ನುಗ್ಗಿಬರುವ ಗಾಳಿ ಮೂಳೆಯ ಒಳಗೆ ಹೋಗಿ ಕೂರುತ್ತಿತ್ತು. ನಾವು ಸ್ವಲ್ಪದರಲ್ಲೇ ಹಿಂದಿದ್ದೆವು, ಆಟ ಮುಗಿಯುತ್ತಾ ಬಂದಿತ್ತು. ಆಗ ಎದುರಾಳಿಯೊಬ್ಬ ಅಣ್ಣನನ್ನು ಬೀಳಿಸಿದ. ಅಣ್ಣ ಏಳಲಿಲ್ಲ. ಕೋಚ್ ನನ್ನ ಕಡೆ ತಿರುಗಿ ಕೈಸನ್ನೆ ಮಾಡಿದ: ತಯಾರಾಗು.

ಎರಡು ವರ್ಷಕ್ಕೂ ಮೀರಿ ನಾನು ಕಾದದ್ದು ಆ ಸನ್ನೆಗೆ. ಹೆಲ್ಮೆಟ್ ಹಾಕಿಕೊಂಡೆ, ಮೌತ್‌ಗಾರ್ಡ್ ಕಚ್ಚಿಕೊಂಡೆ. ಕಚ್ಚಿದ್ದರಿಂದ ಹಲ್ಲು ಕಟಕಟ ಎನ್ನುವುದು ಹೊರಗೆ ಕೇಳಿಸಲಿಲ್ಲ. ಗಾಳಿ ಎಡಕ್ಕಿದೆಯೇ ಬಲಕ್ಕಿದೆಯೇ, ಚೆಂಡು ಕೈಯಿಂದ ಜಾರಿದರೆ, ಹೊಡೆತಕ್ಕೆ ಬೆನ್ನುಮೂಳೆ ಹೋದರೆ, ವಿದ್ಯಾರ್ಥಿಗಳ ಇನ್ಶೂರೆನ್ಸಿನಲ್ಲಿ ಬೆನ್ನುಮೂಳೆ ಬರುತ್ತದೆಯೇ... ಅಷ್ಟರಲ್ಲಿ ಅಣ್ಣ ಮೊಣಕಾಲೂರಿ ಎದ್ದ. ನಾನು ಗೆರೆಯ ಹತ್ತಿರ ನಿಂತಿರುವುದನ್ನು ನೋಡಿದ. ನನ್ನ ಮನಸ್ಸನ್ನು ಓದಿದನೋ ಏನೋ, ಕೈ ಎತ್ತಿ ಕೋಚಿಗೆ 'ನಾನೇ ಆಡುತ್ತೇನೆ' ಎಂದು ತೋರಿಸಿ, ಕುಂಟುತ್ತಾ ಒಳಗೆ ಹೋದ. ನನ್ನ ಎದೆಯಿಂದ ಭಾರ ಇಳಿದು ಎಷ್ಟು ಹಾಯೆನಿಸಿತೆಂದರೆ, ಆ ಹಾಯೆನಿಸಿದ್ದಕ್ಕಾಗಿ ನಾನು ಅವನನ್ನು ಬಹುಕಾಲ ಕ್ಷಮಿಸಲಿಲ್ಲ.

ಅವನು ಎಸೆದ, ನಾವು ಗೆದ್ದೆವು. ಹೇಗೆ ಎಸೆದನೆಂದು ಬರೆಯಲು ನನಗೆ ಮನಸ್ಸಿಲ್ಲ. ಚೆನ್ನಾಗಿಯೇ ಎಸೆದ.

ಚಳಿ ಕಳೆದು ಬಂದ ಬೇಸಿಗೆಯಲ್ಲಿ ಥೀಸಿಸ್ ಮುಗಿಯಿತು. ಮೆಲ್ಬರ್ನ್‌ನಲ್ಲೇ ಕೆಲಸ ಸಿಕ್ಕಿ ಹೊರಟುಹೋದ. ಮುಂದಿನ ಸೀಸನ್ ಜಾಗ ನನ್ನದಾಯಿತು. ಚೆಂಡು ಬಹಳ ದೂರ ಹೋಗುತ್ತಿತ್ತು, ನೋಡಲು ಚೆಂದವಾಗಿತ್ತು, ಎದುರಾಳಿಗಳು ಓಡಿಹೋಗಿ ಹಿಡಿದುಕೊಳ್ಳುತ್ತಿದ್ದರು. ನಾನೂ ಕೂಗಿದವರಿಗೇ ಎಸೆಯುತ್ತಿದ್ದೆ. ಅಣ್ಣ ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದ. "ಎಂತಾಯ್ತು?" ಎಂದು ಕೇಳಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಮೊದಮೊದಲು ಹಾಗೇ ಮಾರಾಯ, ನಿಲ್ಲು. ನಿಂತ್ರೆ ಕಾಣ್ತದೆ," ಎನ್ನುತ್ತಿದ್ದ. ಗೆದ್ದವನ ಉಪದೇಶ ಎಂದು ನನಗೆ ಮೈ ಉರಿಯುತ್ತಿತ್ತು. ಆ ಒಂದು ಸೀಸನ್ ಆಡಿ ಬಿಟ್ಟೆ. ಇಲ್ಲೇ ನೆಲೆಸಲು ಪಿಆರ್ ಅರ್ಜಿ ಹಾಕಬೇಕು ಎಂದೆ, ಕೆಲಸ ಹುಡುಕಬೇಕು ಎಂದೆ, ಮಂಡಿ ನೋವು ಎಂದೆ. ಮಂಡಿ ಆಗ ಚೆನ್ನಾಗಿಯೇ ಇತ್ತು. ನೋವು ಬಂದದ್ದು ಈಗ. ಫೋನುಗಳು ಕಡಿಮೆಯಾದವು. ಅವನಿಗೆ ಮದುವೆ, ನನಗೆ ಮಾರ್ಟ್‌ಗೇಜ್... ಒಂದು ದಿನ ಯಾವ ಜಗಳವೂ ಇಲ್ಲದೆ ಎಲ್ಲ ನಿಂತುಹೋಯಿತು.

ಹೋದ ವರ್ಷ ಯಾರೋ ಹೇಳಿದರು, ಅಣ್ಣ ಹೋಗಿಬಿಟ್ಟನಂತೆ, ಹೃದಯಾಘಾತವಂತೆ. ತಿಂಗಳು ಕಳೆದಿತ್ತು. ಮೆಲ್ಬರ್ನ್‌ಗೆ ಹೋಗಿ, ಕ್ಲೈಡ್ ನಾರ್ತ್‌ನಲ್ಲಿ ಒಂದೇ ಥರದ ಮನೆಗಳ ನಡುವೆ ಅವನ ಮನೆ ಹುಡುಕಿ ಬಾಗಿಲು ತಟ್ಟಿದೆ. ಅತ್ತಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ಸಿಡ್ನಿಯಲ್ಲಿ ಜೊತೆಗೆ ಫುಟ್‌ಬಾಲ್ ಆಡುತ್ತಿದ್ದವನು ಎಂದೆ. ಅವರು ಚಾ ತಂದಿಟ್ಟು ನನ್ನನ್ನೇ ನೋಡುತ್ತಾ ಕೂತರು.

"ಒಬ್ಬ ಮೈಸೂರಿನವ ಇದ್ದ ಅಂತ ಹೇಳ್ತಿದ್ರು. ಎಂಥ ಕೈ ಅಂತೀರಿ! ಅವ ಬಿಡದೆ ನಾಲ್ಕು ವರ್ಷ ನಿಂತಿದ್ರೆ ನನ್ನನ್ನೆಲ್ಲ ಯಾರೂ ಕೇಳ್ತಿರ್ಲಿಲ್ಲ, ಅಂತ. ಟಿವಿಯಲ್ಲಿ ಎಂತದ್ದೇ ಆಟ ಬರ್ಲಿ, ಇದೇ ಕತೆ." ಚಾದ ಲೋಟವನ್ನು ನನ್ನ ಕಡೆ ಸರಿಸುತ್ತಾ ಕೇಳಿದರು, "ಅದು ನೀವೆಯಾ?"

ನಾನೇ ಎಂದೆ.

"ಹೌದಾ..." ಎಂದು ಅಡಿಯಿಂದ ಮುಡಿಯವರೆಗೆ ನೋಡಿದರು. "ನಾನು ಇನ್ನೂ ಎತ್ತರದವರು ಅಂತ ಎಣಿಸಿದ್ದೆ."

ನಾನು ಬಿಡದೆ ನಿಂತಿದ್ದರೆ ಎಂಬ ಆ ಮಾತನ್ನು ಅಣ್ಣ ನನಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಆಟ ಬಿಡುತ್ತಿರಲಿಲ್ಲ ಎನ್ನಲು ಆಸೆ. ಆದರೆ ನನ್ನನ್ನು ನಾನು ಬಲ್ಲೆ, ಬಿಟ್ಟೇ ಬಿಡುತ್ತಿದ್ದೆ. ನನ್ನೊಳಗೆ ಇನ್ನೂ ಬೆಳೆಯುವಂಥದ್ದು ಏನೋ ಇತ್ತು ಎಂದು ನಂಬಿದ್ದವನು ಲೋಕದಲ್ಲಿ ಒಬ್ಬ. ನಾನೂ ಅದನ್ನು ನಂಬಿರಲಿಲ್ಲ. ಆ ಒಬ್ಬನೂ ಈಗ ಇಲ್ಲ. ಇಂದಿಗೂ ಕೆಲವು ರಾತ್ರಿ, ಎಲ್ಲ ಚಿಂತೆಗಳ ಸರದಿ ಮುಗಿದ ಮೇಲೆ, ಕ್ಲೈಡ್ ನಾರ್ತ್‌ನ ಆ ಮನೆ ಕಣ್ಣಿಗೆ ಬರುತ್ತದೆ. ಅಣ್ಣ ಕಾಲು ಚಾಚಿ ಟಿವಿಯ ಮುಂದೆ ಕೂತು ನನ್ನ ಕೈಯನ್ನು ಹೊಗಳುತ್ತಿದ್ದಾನೆ, ಅತ್ತಿಗೆ ಬೇಜಾರಾಗಿ ಆಕಳಿಸುತ್ತಾ ಕೇಳುತ್ತಿದ್ದಾರೆ... ಅಲ್ಲಿ ಕೂತು ಅದನ್ನು ಅವನ ಬಾಯಿಂದಲೇ ಕೇಳಿದ ಅತ್ತಿಗೆಯನ್ನು ನೆನೆದರೆ, ಈ ವಯಸ್ಸಿನಲ್ಲೂ, ನನಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಗುತ್ತದೆ.