ಲಿಯೋನೆಲ್ ಪೊರ್ಬುಗಳ ಎರಡು ಸೀಟಿನ ವಿಮಾನ

ಉದ್ಯಾವರದ ಲಿಯೋನೆಲ್ ಪೊರ್ಬುಗಳ ಬಗ್ಗೆ ಯಾರಾದರೂ ನಗುತ್ತಾ ಮಾತಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಕಡೆ ಕ್ರಿಸ್ತಿಯನ್ ಗಂಡಸರನ್ನು ಗೌರವದಿಂದ ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು. ನಾನು ಈ ಪೊರ್ಬುಗಳ ನೆರೆಮನೆಯವನು, ಶಾಲೆಯ ಮಾಸ್ಟ್ರು; ಕಂಡದ್ದನ್ನೇ ಹೇಳುತ್ತಿದ್ದೇನೆ. ಬೊಂಬಾಯಿಯ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದು, ಅಲ್ಲೇ ಹಾರಲೂ ಕಲಿತು, ಅರುವತ್ತರ ದಶಕದ ಸುರುವಿನಲ್ಲಿ ಊರಿಗೆ ಬಂದ ಮನುಷ್ಯ. ಬೊಂಬಾಯಿಯಿಂದ ಬರುವವರು ಟ್ರಂಕು, ಗ್ರಾಮಫೋನು ತಂದರೆ, ಇವರು ಮಂಗಳೂರು ಬಂದರಿನಿಂದ ಲಾರಿಯಲ್ಲಿ ದೊಡ್ಡ ದೊಡ್ಡ ಮರದ ಪೆಟ್ಟಿಗೆ ತಂದು ಇಳಿಸಿದರು. ಒಳಗಿದ್ದದ್ದು ಬಿಡಿಬಿಡಿಯಾದ ವಿಮಾನ. ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಪೇಟೆಯವರು ಆಡಿಕೊಂಡರು. ಆಡಿಕೊಂಡವರಲ್ಲಿ ಒಬ್ಬನಿಗೂ ಸೈಕಲ್ಲಿನ ಪಂಕ್ಚರ್ ಹಾಕಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ವಿಮಾನಕ್ಕೆ ಎರಡು ಸೀಟು. ಎರಡನೆಯದು ಹೆಂಡತಿ ಇಮೆಲ್ಡಾ ಬಾಯಮ್ಮನಿಗೆ. ರೆಕ್ಕೆಯ ಬಟ್ಟೆಯನ್ನೆಲ್ಲ ಹಿತ್ತಿಲ ಚಪ್ಪರದಡಿ ಕೂತು ಹೊಲಿದದ್ದು ಅವರೇ. ಮೇಲಿನಿಂದ ಕಡಲು ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಬೇಕು, ಅಷ್ಟೇ ಅವರ ಆಸೆ. ಆದರೆ ಮದ್ರಾಸಿನಿಂದ ಬಂದ ಇನ್ಸ್‌ಪೆಕ್ಟರು, ಮೊದಲು ಒಬ್ಬರೇ ಹಾರಿಸಿ ನೋಡಿ, ಎಲ್ಲ ಸರಿಯಾದರೆ ಮಾತ್ರ ಇನ್ನೊಬ್ಬರನ್ನು ಕೂರಿಸಲು ಒಪ್ಪಿಗೆ ಎಂದಿದ್ದರು. ಅವಘಡ ಏನಾದರೂ ಆದರೆ ಕೂಡಲೇ ತಿಳಿಸಬೇಕು; ಬಿದ್ದದ್ದನ್ನು ಯಾರೂ ಮುಟ್ಟಬಾರದು.

ಮಣಿಪಾಲದ ಆಚೆಯ ಬೋಳು ಪದವಿನ ಸಮತಟ್ಟು ಬಯಲಿನಿಂದ ಪೊರ್ಬುಗಳು ಹಲವು ಸಲ ಹಾರಿದರು. ಕಾರ್ಕಳದವರೆಗೂ ಹೋಗಿ ಬಂದರು. ಇನ್ನೇನು ಒಪ್ಪಿಗೆ ಸಿಕ್ಕಿತು ಅನ್ನುವಾಗ, ಒಂದು ಬೆಳಿಗ್ಗೆ ಕಾಪುವಿನ ದೀಪಸ್ತಂಭದ ಹತ್ತಿರ ವಿಮಾನ ಒದ್ದೆ ಮರಳಿಗೆ ಬಿತ್ತು. ಎಡರೆಕ್ಕೆ ಮುರಿದಿತ್ತು. ಪೊರ್ಬುಗಳ ಭುಜದ ಎಲುಬು ಮುರಿದರೂ ಜೀವ ಉಳಿಯಿತು. ಉಡುಪಿಯ ಆಸ್ಪತ್ರೆಯ ಮಂಚದಿಂದಲೇ ನನ್ನ ಕೈಯಲ್ಲಿ ಮದ್ರಾಸಿಗೆ ತಂತಿ ಕೊಡಿಸಿದರು.

ಇತ್ತ ಕಾಪುವಿನಲ್ಲಿ ನಡೆದದ್ದೇ ಬೇರೆ. ಕಡಲ ಕರೆಯಲ್ಲಿ ಒಡೆದ ದೋಣಿ ಬಿದ್ದಿದ್ದರೆ ಯಾರದ್ದೆಂದು ಮೀನುಗಾರರು ಕೇಳುವುದಿಲ್ಲ. ಎಲ್ಲರೂ ಸೇರಿ ನೀರು ಮುಟ್ಟದಲ್ಲಿಗೆ ಎಳೆದು, ಸರಿಮಾಡಿಯೇ ಕೊಡುವುದು ಅಲ್ಲಿಯ ಮರ್ಯಾದೆ. ವಿಮಾನಕ್ಕೂ ಅದೇ ಮರ್ಯಾದೆ ಆಯಿತು. ದೋಣಿಯ ಯಜಮಾನ ದೇಜಪ್ಪಣ್ಣ ರೆಕ್ಕೆಯ ಮುರಿದ ಮರವನ್ನು, ದೋಣಿಯ ಹಲಗೆ ಹೊಲಿಯುವ ಹಾಗೆ ತೆಂಗಿನ ಹುರಿಯಿಂದ ಬಿಗಿದರು. ಅವರ ಹೆಂಡತಿ ಸುಂದರಿಯಕ್ಕ ಹರಿದ ಬಟ್ಟೆಯನ್ನು ಬಲೆಯ ನೂಲಿನಿಂದ ಹೊಲಿದರು. ಮೇಲಿನಿಂದ ಬೂತಾಯಿ ಮೀನಿನ ಎಣ್ಣೆ ಬಳಿದರು. ಆಹಾ, ಏನು ಪರಿಮಳ!

ತಂತಿ ಸಿಕ್ಕಿ ಬಂದ ಇನ್ಸ್‌ಪೆಕ್ಟರು ಮೂಗು ಮುಚ್ಚಿಕೊಂಡೇ ಕೆಂಡವಾದರು. ಅವರ ಇಂಗ್ಲಿಷನ್ನು ದೇಜಪ್ಪಣ್ಣನಿಗೆ ತುಳುವಿನಲ್ಲಿ ಹೇಳಿದವನು ನಾನು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡ ಪೊರ್ಬುಗಳೂ ಇಮೆಲ್ಡಾ ಬಾಯಮ್ಮನೂ ಆಸ್ಪತ್ರೆಯಿಂದ ಅಲ್ಲಿಗೆ ಬಂದಿದ್ದರು. ಇನ್ಸ್‌ಪೆಕ್ಟರಿಗೆ ಬೇಕಾದದ್ದು ಒಂದೇ: ರೆಕ್ಕೆ ಮುರಿದು ವಿಮಾನ ಬಿತ್ತೋ, ಬಿದ್ದ ಮೇಲೆ ರೆಕ್ಕೆ ಮುರಿಯಿತೋ? ಬಿದ್ದು ಮುರಿದದ್ದಾದರೆ ರಿಪೇರಿ ಮಾಡಿ ಮತ್ತೆ ಹಾರಬಹುದು. ಮೊದಲೇ ಮುರಿದದ್ದಾದರೆ ಕಟ್ಟಿದ್ದೇ ಸರಿಯಿಲ್ಲ, ಒಪ್ಪಿಗೆಯ ಮಾತೇ ಇಲ್ಲ. ಹುರಿ ಸುತ್ತಿ, ಎಣ್ಣೆ ಬಳಿದ ಮೇಲೆ ನೋಡಿ ಹೇಳುವುದು ಹೇಗೆ?

ದೇಜಪ್ಪಣ್ಣ ಚುರುಕು. ಮರಳಿಗೆ ಬಡಿದಾಗ ಮುರಿದದ್ದು, ನಾವೆಲ್ಲ ಕಣ್ಣಾರೆ ಕಂಡಿದ್ದೇವೆ ಎಂದುಬಿಟ್ಟರು. ಸುತ್ತ ನಿಂತವರೂ ಹೌದು ಹೌದು ಎಂದರು. ಇಮೆಲ್ಡಾ ಬಾಯಮ್ಮನ ಮುಖ ಅರಳಿತು. ಪೊರ್ಬುಗಳು ಸುಮ್ಮನಿದ್ದರೆ ಸಾಕಿತ್ತು.

"ಇಲ್ಲ ದೇಜಪ್ಪಣ್ಣ, ಮುರಿದ ಸದ್ದು ನಾನು ಮೇಲೆಯೇ ಕೇಳಿದ್ದೇನೆ" ಎಂದರು ಅವರು. "ರೆಕ್ಕೆಯ ಮರಕ್ಕೆ ಒಣ ಹವೆಯಲ್ಲಿ ಹಾಕಬೇಕಾದ ಅಂಟನ್ನು ಆಟಿ ತಿಂಗಳ ಮಳೆಯಲ್ಲಿ ಹಾಕಿದ್ದು ನಾನು. ಅವಸರ ನನ್ನದು."

ಅದನ್ನೇ ಇಂಗ್ಲಿಷಿನಲ್ಲಿ ಇನ್ಸ್‌ಪೆಕ್ಟರಿಗೂ ಹೇಳಿದರು. ಹಾರಾಟ ಅಲ್ಲಿಗೇ ನಿಂತಿತು.

ಪೇಟೆಯವರಿಗೆ ಹಬ್ಬ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಸತ್ಯಹರಿಶ್ಚಂದ್ರನ ತುಂಡು ಎಂದು ನಕ್ಕರು. ತನ್ನ ಮಾತನ್ನು ಹತ್ತು ಜನರೆದುರು ಸುಳ್ಳು ಮಾಡಿದರೆಂದು ದೇಜಪ್ಪಣ್ಣ ಮುನಿದರು. ಇಮೆಲ್ಡಾ ಬಾಯಮ್ಮ ಹೊತ್ತು ಹೊತ್ತಿಗೆ ಗಂಜಿ ಬಡಿಸುತ್ತಿದ್ದರು, ಗಂಡನ ಹತ್ತಿರ ಮಾತಿಲ್ಲ. ನನಗಂತೂ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದೇ ಆಗ. ಊರೆಲ್ಲ ಸೇರಿ ಮುಚ್ಚಿಕೊಟ್ಟ ತಪ್ಪನ್ನು ತಾನೇ ಬಿಚ್ಚಿ ತೋರಿಸುವ ಎದೆ ನಮ್ಮಲ್ಲಿ ಎಷ್ಟು ಜನರಿಗೆ ಉಂಟು?

ಲಾರಿಯಲ್ಲಿ ಉದ್ಯಾವರದ ಹಿತ್ತಿಲಿಗೆ ತಂದಿದ್ದ ವಿಮಾನವನ್ನು ಮಳೆ ಹಿಡಿಯುವ ಮೊದಲು ಬಿಚ್ಚಿ ಇಡಬೇಕಾಯಿತು. ಪೊರ್ಬುಗಳ ಕೈ ಇನ್ನೂ ಏಳುತ್ತಿರಲಿಲ್ಲ. ಮುನಿಸಿದ್ದರೂ ದೇಜಪ್ಪಣ್ಣ ಕಾಪುವಿನಿಂದ ಬಂದರು. ತಾನು ಬಿಗಿದ ಹುರಿಯನ್ನು ಬೇರೆಯವರು ಕೊಯ್ಯಬಾರದೆಂಬ ಹಟ. ಎಡರೆಕ್ಕೆ ಮುಗಿಸಿ ಬಲರೆಕ್ಕೆಗೆ ಬಂದರು. ಅದು ಬಿದ್ದಾಗಲೂ ಏನೂ ಆಗದೆ ಉಳಿದದ್ದು, ಗಟ್ಟಿಯೆಂದೇ ಎಲ್ಲರೂ ನಂಬಿದ್ದದ್ದು. ಬಟ್ಟೆ ಕೊಯ್ದು, ಒಳಗಿನ ಮರದ ಜೋಡಣೆಗೆ ಬರಿಗೈ ಹಾಕಿದರು. ಎಳೆಯುವ ಮೊದಲೇ, ಹಣ್ಣಾದ ಹಲಸಿನ ತೊಳೆಯ ಹಾಗೆ ಮರದಿಂದ ಮರ ಬಿಟ್ಟು ಬಂತು.

ದೇಜಪ್ಪಣ್ಣ ಕೈಯಲ್ಲಿದ್ದ ತುಂಡನ್ನು ನೋಡಿದರು, ಆ ಎರಡನೆಯ ಸೀಟನ್ನು ನೋಡಿದರು.

"ಪೊರ್ಬುಗಳೇ, ಬಾಯಮ್ಮನನ್ನು ಇದರಲ್ಲಿ ಕೂರಿಸಲಿಕ್ಕೆ ನಾನು ಸಾಕ್ಷಿ ಹೇಳಿದ್ದೆನಲ್ಲ."

ಇಮೆಲ್ಡಾ ಬಾಯಮ್ಮ ಅಡುಗೆಮನೆಯ ಮೆಟ್ಟಿಲಿಳಿದು ಬಂದರು. ಆ ತುಂಡನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟು ವಾರಗಳ ಮೇಲೆ ಗಂಡನ ಹತ್ತಿರ ಅವರು ಆಡಿದ ಮೊದಲ ಮಾತು ನಾನು ಕೇಳಿದ್ದೇನೆ.

"ಇದರಲ್ಲಿ ನೀವು ದಿನಾ ಕೂತು ಹೋಗುತ್ತಿದ್ದಿರಲ್ಲ" ಎಂದರು, ಮತ್ತೆ ನಮ್ಮೆಲ್ಲರ ಎದುರಿಗೇ ಗಂಡನ ಎದೆಗೆ ತಲೆಯಿಟ್ಟು ಅತ್ತರು.