ಹುಳಿ ಮೆತ್ತಿದ ಹಿತ್ತಾಳೆ ಹೆಲ್ಮೆಟ್

ಪುಣೆಯ ಹಳೆಯ ಫೈರ್ ಸ್ಟೇಷನ್ ಈಗ ಮ್ಯೂಸಿಯಂ ಆಗಿದೆ ಎಂದು ನಿನ್ನೆ ಮೊಮ್ಮಗಳು ಕರೆದೊಯ್ದಳು. ಗಾಜಿನೊಳಗೆ ಹಿತ್ತಾಳೆಯ ಹೆಲ್ಮೆಟ್ ಕಂಡದ್ದೇ ತಡ, ಮೂಗಿಗೆ ಹುಣಸೆಹುಳಿಯ ವಾಸನೆ ಬಡಿಯಿತು.

ಬ್ರಿಟಿಷರ ಕಾಲದಲ್ಲಿ ನಮ್ಮ ಮನೆ ಈ ಸ್ಟೇಷನ್ನಿನ ಎದುರಿಗಿತ್ತು. ಗೆಳತಿ ಶಾರದೆಯ ಅಪ್ಪ ಇಲ್ಲಿ ಬೆಂಕಿ ಆರಿಸುವವರು. ನನ್ನಪ್ಪ ಗುಮಾಸ್ತರು, ತಲೆಗೆ ಬೆವರು ಹತ್ತಿದ ಕರಿ ಟೋಪಿ. ಅವಳಪ್ಪನದು ಬಂಗಾರದಂತೆ ಹೊಳೆಯುವ ಹೆಲ್ಮೆಟ್. ರವಿವಾರ ಶಾರದೆ ಅದನ್ನು ಹುಣಸೆಹಣ್ಣಿನಿಂದ ತಿಕ್ಕುವಾಗ, ನಾನು ಅವ್ವನ ತಂಬಿಗೆ ತಿಕ್ಕುತ್ತ ಒಳಗೊಳಗೇ ಉರಿಯುತ್ತಿದ್ದೆ.

“ನನಗೂ ಒಮ್ಮೆ ಕೊಡು ಶಾರಿ,” ಎಂದರೆ, “ಮುಟ್ಟಬ್ಯಾಡ! ನಿಮ್ಮಪ್ಪನ ಟೋಪಿ ತಿಕ್ಕು ಹೋಗು,” ಎನ್ನುವಳು.

ಕಡೆಗೆ ಅವ್ವನ ಭರಣಿಯ ಹುಣಸೆಹಣ್ಣನ್ನೆಲ್ಲ ತಂದುಕೊಟ್ಟು ಒಲಿಸಿದೆ. ಅವಳು ಹುಳಿ ಹಚ್ಚಿ ನನ್ನ ಕೈಗೆ ಕೊಡಬೇಕು, ಅಷ್ಟರಲ್ಲಿ ಸ್ಟೇಷನ್ನಿನ ಬೆಂಕಿ ಗಂಟೆ ಹೊಡೆಯಿತು. ಅವಳಪ್ಪ ಊಟದ ಕೈಯಲ್ಲೇ ಓಡಿ ಬಂದು, ಹೆಲ್ಮೆಟ್ ಕಸಿದು, ಹುಳಿಸಮೇತ ತಲೆಗೇರಿಸಿ ಗಾಡಿ ಹತ್ತಿದರು. ಹಣೆಯ ಮೇಲೆ ಹುಳಿ ಇಳಿಯುತ್ತಿತ್ತು.

“ನಮ್ಮಪ್ಪ ಹೆಂಗ ಕಾಣಸ್ತಾರ ನೋಡು!” ಎಂದಳು ಶಾರದೆ.

ಆಗಲೂ ಭಾಳ ಚಂದ ಕಾಣುತ್ತಿದ್ದರು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ನಿನ್ನೆ ಗಾಜಿನತ್ತ ಕೈ ಚಾಚಿದೆ.

“ಅಜ್ಜಿ, ಮುಟ್ಟಬ್ಯಾಡ!” ಎಂದಳು ಮೊಮ್ಮಗಳು.

ಇವಳೂ ಶಾರದೆಯ ಕಡೆಯವಳೇ.