ಒಲೆ ಮುಂದೆ ಕೂತವರಿಗೆ ಪಾಲು

ಹೋದ ತಿಂಗಳು ಹರಪನಹಳ್ಳಿಯಲ್ಲಿ ಹೆಣ್ಣುಮಕ್ಕಳ ಸಂಘದವರು ನನ್ನನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದರು. ಸಣ್ಣ ವ್ಯಾಪಾರ ಹೇಗೆ ಶುರು ಮಾಡಬೇಕು, ಹೇಗೆ ನಡೆಸಬೇಕು ಎಂದು ಹೇಳಬೇಕಂತೆ. ನಾನು ಓದಿದ್ದು ಎರಡನೇ ಇಯತ್ತೆ. ರೊಟ್ಟಿ ಮಾರಿದ್ದು ಹದಿನೆಂಟು ವರ್ಷ. ಗೊತ್ತಿದ್ದದ್ದನ್ನು ಹೇಳಿದೆ.

ಬಿಳಿಜೋಳವನ್ನು ಹಡಗಲಿ ಕಡೆಯ ಎರೆಹೊಲದ್ದೇ ತನ್ನಿ. ಬೀಸಿಸಿದ ಹಿಟ್ಟನ್ನು ಮೂರು ದಿನದಲ್ಲಿ ಮುಗಿಸಿ, ಆಮೇಲೆ ಅದರ ಜಿಗಿ ಹೋಗಿ ರೊಟ್ಟಿಯ ದಂಡೆ ಬಿರಿಯುತ್ತದೆ. ಒಡೆದ ರೊಟ್ಟಿಯನ್ನು ಕಟ್ಟಿನ ನಡುವೆ ಬಚ್ಚಿಡಬೇಡಿ. ಮನೆಗೆ ಹೋಗಿ ಕಟ್ಟು ಬಿಚ್ಚಿದವರು ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಮದುವೆಯವರು ಸಾವಿರ ಕೇಳಿದರೆ ಸಾವಿರದ ಐವತ್ತು ಮಾಡಿ, ಟಂಟಂ ಗಾಡಿಯಲ್ಲಿ ಒಡೆಯುತ್ತವೆ.

ಹುಡುಗಿಯರು ಬರೆದುಕೊಂಡರು. ಹಿಂದೆ ಕೂತಿದ್ದ ಒಬ್ಬಳು ಎದ್ದು, "ಅಜ್ಜಿ, ಇಬ್ರು ಕೂಡಿ ಮಾಡಿದ್ರ ಪಾಲು ಹೆಂಗ ಮಾಡ್ಕೋಬೇಕ್ರಿ?" ಎಂದಳು.

ನೀರು ಕುಡಿದೆ. ಬೇರೆ ಏನೋ ಹೇಳಿ ಎದ್ದು ಬಂದೆ. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಜೊತೆ ವ್ಯಾಪಾರ ಮಾಡಿದವಳು ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಮದುವೆಯಾದ ನಾಲ್ಕನೇ ವರ್ಷಕ್ಕೆ ಅವಳ ಗಂಡ ಸತ್ತ. ಮಕ್ಕಳಿಲ್ಲ. ತವರು ಹಂಪಸಾಗರದಲ್ಲಿ ಅಣ್ಣ, ಅತ್ತಿಗೆ ಇದ್ದರು. ಅಲ್ಲಿಗೆ ಹೋಗಿ ಅತ್ತಿಗೆಯ ಪಾತ್ರೆ ತಿಕ್ಕುವುದಕ್ಕಿಂತ ಇಲ್ಲೇ ಇರುತ್ತೇನೆ ಎಂದು ನಮ್ಮ ಮನೆಯಲ್ಲೇ ಉಳಿದಳು.

ಕೈ ಅವಳದು. ನಾನು ತಟ್ಟಿದ ರೊಟ್ಟಿಯನ್ನು ತಿನ್ನಬಹುದು, ಅವಳು ತಟ್ಟಿದ್ದನ್ನು ಮಾರಬಹುದು. ಅದಕ್ಕೇ ಅವಳು ತಟ್ಟುವುದು, ನಾನು ಸುಡುವುದು ಮತ್ತು ಗಿರಾಕಿಗಳ ಜೊತೆ ಮಾತಾಡುವುದು ಎಂದು ಮಾಡಿಕೊಂಡೆವು. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಂಡಿಯ ಹಮಾಲರು ನಮ್ಮ ಜಗಲಿಗೆ ಬರುತ್ತಿದ್ದರು. ಒಬ್ಬ ರೊಟ್ಟಿಯನ್ನು ಬಿಸಿಲಿಗೆ ಹಿಡಿದು, "ಯವ್ವಾ, ಇದು ರೊಟ್ಟಿನೋ ಹಪ್ಪಳನೋ?" ಎಂದ. ಅವಳು ತಲೆ ಎತ್ತದೆ, "ಹಪ್ಪಳ ಅಂದ್ರ ಹಪ್ಪಳದ ರೇಟು ಕೊಡಪ" ಎಂದಳು. ಅವನು ಇನ್ನೂ ನಾಲ್ಕು ಹಾಕಿಸಿಕೊಂಡ.

ವ್ಯಾಪಾರ ಹತ್ತಿತು. ಹತ್ತಿದ ಕೂಡಲೇ ನನ್ನ ಗಂಡ ಬಂದು ನಿಂತ. "ಮನಿ ನಂದು, ಜಗಲಿ ನಂದು. ನನಗೂ ಒಂದು ಪಾಲು ಬರಬೇಕು."

"ಒಲಿ ಮುಂದ ಕುಂತೋರಿಗೆ ಪಾಲು" ಎಂದೆ ನಾನು. "ನೀನೂ ಕುಂದ್ರು. ನಿನಗೂ ಕೊಡ್ತೀನಿ."

ಹಟಕ್ಕೆ ಒಂದು ದಿನ ಕೂತ. ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತ, ಹಂಚು ಮುಟ್ಟಿ ಕೈ ಸುಟ್ಟುಕೊಂಡು, ಹೊತ್ತು ಏರುವುದರೊಳಗೆ ಎದ್ದು ಹೋದ. ವಾರಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಅವನು ಪಾಲು ಕೇಳಲಿಲ್ಲ. ಆ ಮಾತು ಓಣಿಗೆಲ್ಲ ಗೊತ್ತಾಯಿತು. ಕೂತು ತಿನ್ನುವವರನ್ನು ದೂರ ಇಡಲು ಅದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ.

ಮುಂದೆ ಒಂದು ಸಲ ನಾನು ಜ್ವರ ಬಂದು ಒಂಬತ್ತು ದಿನ ಮಲಗಿದೆ. ಅವಳೊಬ್ಬಳೇ ತಟ್ಟಿ, ಸುಟ್ಟು, ಮಾರಿದಳು. ಹತ್ತನೇ ದಿನ ನನ್ನ ಪಾಲನ್ನು ದಿಂಬಿನ ಹತ್ತಿರ ಇಟ್ಟಳು. ನಾನು ತಿರುಗಿ ಕೊಟ್ಟೆ. "ಕುಂತಿಲ್ಲ, ಬ್ಯಾಡ. ಮಾತು ಅಂದ್ರ ಮಾತು." ಎಷ್ಟು ನೀತಿವಂತೆ ನಾನು ಎಂದುಕೊಂಡೆ. ನನ್ನ ದೊಡ್ಡ ತಪ್ಪು ಅದೇ. ಮಾತು ನಮ್ಮಿಬ್ಬರಿಗೂ ಅಷ್ಟೇ ಗಟ್ಟಿ ಎಂದು ಅವತ್ತು ನಾನೇ ಅವಳಿಗೆ ಕಲಿಸಿದೆ.

ರೊಟ್ಟಿ ತಟ್ಟುವ ಸದ್ದು ಒಬ್ಬೊಬ್ಬರದು ಒಂದೊಂದು ಥರ. ಅವಳದು ಒಂದೇ ಸಮ, ಮಳೆ ನಿಂತ ಮೇಲೆ ಸೂರಿನಿಂದ ಹನಿ ಬಿದ್ದ ಹಾಗೆ. ಎರಡು ವರ್ಷದ ಹಿಂದೆ ಆ ಸದ್ದು ಕೆಟ್ಟಿತು. ಒಂದು ಏಟು ಜೋರು, ಒಂದು ಮೆಲ್ಲಗೆ, ನಡುವೆ ಖಾಲಿ. ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅದೇ ವಾರ ಕೊಟ್ಟೂರಿನ ಮದುವೆಯೊಂದಕ್ಕೆ ಎರಡು ಸಾವಿರ ರೊಟ್ಟಿ ಒಪ್ಪಿಕೊಂಡಿದ್ದೆ, ಅವಳನ್ನು ಕೇಳದೆ. ಅದಕ್ಕೇ ಸಿಟ್ಟಾಗಿದ್ದಾಳೆ ಎಂದುಕೊಂಡೆ.

"ಏನಲೇ, ಹಿಟ್ಟಿನ ಮ್ಯಾಲ ಸಿಟ್ಟೋ, ನನ್ನ ಮ್ಯಾಲ ಸಿಟ್ಟೋ?"

"ಯಾರ ಮ್ಯಾಲೂ ಇಲ್ಲಕ್ಕ."

"ಮತ್ತ ತಟ್ಟು. ಒಲ್ಲದ ಸೊಸಿ ತಟ್ಟಿದಂಗ ತಟ್ಟಬ್ಯಾಡ."

ಅವಳು ನಕ್ಕಳು. ಮರುದಿನದಿಂದ ಬಲಗೈ ಗೋಡೆಯ ಕಡೆ ಬರುವ ಹಾಗೆ ಕೂತಳು. ನನಗೆ ಆ ಕೈ ಕಾಣದಾಯಿತು. ತಲೆಗೆ ತುರುಬು ಕಟ್ಟುವುದನ್ನೂ ಬಿಟ್ಟಳು. ಕೂದಲನ್ನು ಹಾಗೇ ಸೆರಗಿನೊಳಗೆ ಸೇರಿಸಿಕೊಂಡು ಬರುತ್ತಿದ್ದಳು. "ಏನು, ಜೋಗತಿ ಆಗ್ತಿಯೇನು?" ಎಂದು ಕೇಳಿದೆ. ಕೈ ಎತ್ತಲಾಗದವಳು ತುರುಬು ಹೇಗೆ ಕಟ್ಟಿಯಾಳು ಎಂದು ಹೊಳೆಯಲಿಲ್ಲ. ಎರಡು ಸಾವಿರ ರೊಟ್ಟಿಯನ್ನೂ ಅವಳು ತಟ್ಟಿದಳು. ಒಂದೂ ತಿರುಗಿ ಬರಲಿಲ್ಲ.

ಮದುವೆ ಮುಗಿದ ನಾಲ್ಕನೇ ದಿನ ರೊಟ್ಟಿಯ ಬುಟ್ಟಿ ಅವಳ ಕೈಯಿಂದ ಬಿತ್ತು. ಎತ್ತಲು ಹೋದಳು, ಕೈ ಏಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಭುಜ ಒತ್ತಿ ನೋಡಿ, ಫೋಟೋ ತೆಗೆಸಿ, ಒಳಗೆ ಸ್ನಾಯು ಹರಿದು ತಿಂಗಳುಗಟ್ಟಲೆ ಆಗಿದೆ, ಮೊದಲೇ ಬಂದು ಕೈಗೆ ಬಿಡುವು ಕೊಟ್ಟಿದ್ದರೆ ಕೂಡುತ್ತಿತ್ತು, ಇನ್ನು ಇಷ್ಟೇ ಎಂದರು.

ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆಯಲ್ಲೇ ಬೈದೆ. "ಬಾಯಿ ಬಿದ್ದಿತ್ತೇನು ನಿನಗ? ಕೈ ನೋಯ್ತೈತಿ ಅಂತ ಒಂದು ಮಾತು ಹೇಳಾಕ ಏನಾಗಿತ್ತು?"

"ಹೇಳಿದ್ರ ಎಲ್ಲಿ ಕುಂದ್ರಲಿ ಅಕ್ಕ?" ಎಂದಳು. "ಒಲಿ ಮುಂದ ಬಿಟ್ರ ನನಗ ಎಲ್ಲಿ ಜಾಗ ಐತಿ?"

"ನಾ ಕೊಡ್ತಿದ್ದಿಲ್ಲೇನು ನಿನ್ನ ಪಾಲು?"

"ಜ್ವರ ಬಂದಾಗ ನೀ ತಗೊಂಡ್ಯಾ?"

ಬಸ್ಸು ಬಂತು, ಹತ್ತಿದೆವು.

ಎಂಟು ದಿನ ಇದ್ದಳು. ಅಣ್ಣ ಬಂದು ಕರೆದುಕೊಂಡು ಹೋದ. ಬೇಡ ಎಂದೆ. ಕೈ ಹಿಡಿದು ನಿಲ್ಲಿಸಲಿಲ್ಲ. ಆ ದಿನ ಖಾನಾವಳಿಗೆ ರೊಟ್ಟಿ ಕೊಡುವುದಿತ್ತು, ಹಿಟ್ಟು ನಾದಿಟ್ಟಿದ್ದೆ. ಒಳಗೆ ಹೋಗಿ ನಾನೇ ತಟ್ಟಲು ಕೂತೆ. ಹೊರಗೆ ಬರುವುದರೊಳಗೆ ಅವರು ಹೋಗಿದ್ದರು.

ಈಗ ಇಬ್ಬರು ಹೆಣ್ಣುಮಕ್ಕಳು ಕೂಲಿಗೆ ಬಂದು ತಟ್ಟುತ್ತಾರೆ. ವ್ಯಾಪಾರ ನಡೆದಿದೆ. ಪಾಲು ಹೆಂಗ ಎಂದು ಕೇಳಿದ ಆ ಹುಡುಗಿ ಸಿಕ್ಕರೆ ಹೇಳುತ್ತೇನೆ: ಕೈ ಗಟ್ಟಿ ಇರುವಾಗ ಪಾಲಿನ ಮಾತು ಯಾರು ಬೇಕಾದರೂ ಆಡುತ್ತಾರೆ. ಕೈ ಬಿದ್ದ ದಿನ ಏನು ಎಂಬುದನ್ನು ಮೊದಲ ದಿನವೇ ಆಡಿಕೊಳ್ಳಿ, ನಾಲ್ಕು ಜನರ ಎದುರು ಬರೆದಿಟ್ಟುಕೊಳ್ಳಿ. ದೊಡ್ಡ ಆರ್ಡರು ಬಂದರೆ, ತಟ್ಟುವ ಕೈಯನ್ನು ಕೇಳಿದ ಮೇಲೆ ಹೂಂ ಅನ್ನಿ. ಸದ್ದು ಕೆಟ್ಟರೆ ಎದ್ದು ಹೋಗಿ ನೋಡಿ. ಕೂತಲ್ಲಿಂದಲೇ ಹಂಗಿಸಬೇಡಿ.

ಅಮಾವಾಸ್ಯೆಗೆ ನಾವು ಹಂಚು ಇಡುವುದಿಲ್ಲ. ಆ ದಿನ ಹಂಪಸಾಗರಕ್ಕೆ ಹೋಗುತ್ತೇನೆ. ಒಂದು ಕಟ್ಟು ರೊಟ್ಟಿ, ಒಂದು ಅರಿವೆಯಲ್ಲಿ ಗಂಟು ಕಟ್ಟಿದ ಅವಳ ಪಾಲು. ಹೋದ ಅಮಾವಾಸ್ಯೆಗೂ ಹೋಗಿದ್ದೆ. ಅತ್ತಿಗೆಯ ಪಾತ್ರೆಗಳನ್ನು ಎಡಗೈಯಲ್ಲಿ ತಿಕ್ಕುತ್ತಿದ್ದಳು. ಕೈ ತೊಳೆದು ಬಂದು ಒಂದು ರೊಟ್ಟಿ ಮುರಿದು ನೋಡಿದಳು.

"ದಂಡಿ ದಪ್ಪ ಐತಿ. ಯಾರು ತಟ್ಟ್ಯಾರ ಇದನ್ನ?"

"ನೀನ ಬಂದು ಹೇಳಿಕೊಡು. ಬಾ. ಒಲಿ ಮುಂದ ಸುಮ್ಮನ ಕುಂತ್ರ ಸಾಕು."

"ಸುಮ್ಮನ ಕುಂದ್ರಾಕ ನಾನೇನು ಗುಡಿಯಾಗಿನ ಕಲ್ಲೇನಕ್ಕ?"

"ಆ ಪಾಲಿನ ಮಾತು ನಾ ಆಡಿದ್ದು. ನಾನ ತಗದು ಹಾಕೀನಿ."

"ಹಾಕಿದ್ರ ಹಾಕು. ನಿನ್ನ ಗಂಡಗ ಕೊಡಲಿಲ್ಲ, ನೀ ತಗೊಳ್ಳಲಿಲ್ಲ, ನಾ ಹೆಂಗ ತಗೊಳ್ಳಲಿ?"

ಗಂಟನ್ನು ಅವಳ ಮಡಿಲಲ್ಲಿಟ್ಟು ಎದ್ದೆ. ಬಸ್ಸಿನವರೆಗೆ ಬಂದಳು, ನನ್ನ ಚೀಲ ತಾನೇ ಹಿಡಿದುಕೊಂಡು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಚೀಲದಲ್ಲಿ ಎಲೆ ಅಡಿಕೆ ಹುಡುಕಿದೆ. ಕೈಗೆ ಗಂಟು ಸಿಕ್ಕಿತು. ನಾನು ಕಟ್ಟಿದ ಹಾಗೇ ಇತ್ತು. ಬಿಚ್ಚಿಯೂ ನೋಡಿರಲಿಲ್ಲ.